ಚಿನ್ನ, ಉಪ್ಪು, ಕವಡೆ: ಆಫ್ರಿಕಾದ ಹಳೆಯ ರಾಜ್ಯಗಳ ಬಗ್ಗೆ ಓದುಗರ ಪ್ರಶ್ನೆಗಳು

ಯುರೋಪಿನ ಹಡಗುಗಳು ಬರುವ ಮೊದಲು ಆಫ್ರಿಕಾದಲ್ಲಿ ಏನಿತ್ತು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿ ಮಾಡಲಾಗಿದೆ. ಹೆಚ್ಚಿನ ಪತ್ರಗಳು ಚಿನ್ನದ ಸುತ್ತಲೇ ತಿರುಗಿದ್ದರಿಂದ ಉತ್ತರಗಳೂ ಆ ಕಡೆಗೆ ತುಸು ವಾಲಿವೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಮ್ಮ ಪಾಠಗಳಲ್ಲಿ ಆಫ್ರಿಕಾ ಎಂದರೆ ಪಿರಮಿಡ್ಡುಗಳು, ಅದು ಬಿಟ್ಟರೆ ನೇರವಾಗಿ ವಾಸ್ಕೋ ಡ ಗಾಮ. ನಡುವಿನ ಕಾಲದಲ್ಲಿ ಅಲ್ಲಿ ರಾಜ್ಯಗಳೇ ಇರಲಿಲ್ಲವೇ ಎಂದು ಮಕ್ಕಳು ಕೇಳಿದರೆ ಏನು ಹೇಳಬೇಕು?

ಉತ್ತರ: ಇದ್ದವು, ಅದೂ ಒಂದೆರಡಲ್ಲ. ಮೂರು ಕೋಟಿ ಚದರ ಕಿಲೋಮೀಟರಿನಷ್ಟು ವಿಸ್ತಾರದ ಭೂಖಂಡವನ್ನು ಒಂದು ದೇಶವೆಂಬಂತೆ ಓದುವ ರೂಢಿಯಿಂದಲೇ ಈ ತೊಡಕು ಹುಟ್ಟಿದೆ. ಈಜಿಪ್ಟಿನ ದಕ್ಷಿಣಕ್ಕೆ, ಇಂದಿನ ಸುಡಾನಿನಲ್ಲಿ, ನೈಲ್ ನದಿಯ ದಡದ ಕುಶ್ ರಾಜ್ಯದಿಂದ ನಿಮ್ಮ ಪಾಠವನ್ನು ಆರಂಭಿಸಬಹುದು. ಕ್ರಿ.ಪೂ. 8ನೇ ಶತಮಾನದಲ್ಲಿ ಅಲ್ಲಿನ ದೊರೆ ಪಿಯೆ ಈಜಿಪ್ಟನ್ನೇ ಗೆದ್ದ; ಅವನ ಮನೆತನದವರು ಈಜಿಪ್ಟಿನ 25ನೇ ರಾಜವಂಶವಾಗಿ ಆಳಿದರು. ಅಸಿರಿಯನ್ನರು ಅವರನ್ನು ಅಲ್ಲಿಂದ ಹೊರದೂಡಿದ ಮೇಲೂ ಕುಶ್ ರಾಜ್ಯ ಅಳಿಯಲಿಲ್ಲ. ಮೆರೋಯಿ ಎಂಬ ರಾಜಧಾನಿಯಲ್ಲಿ ಅದು ಇನ್ನೂ ಸುಮಾರು ಸಾವಿರ ವರ್ಷ ಬಾಳಿತು, ತನ್ನದೇ ಲಿಪಿಯನ್ನು ರೂಪಿಸಿಕೊಂಡಿತು, ಕಬ್ಬಿಣ ಕರಗಿಸಿ ಉಳಿದ ಕಿಟ್ಟದ ದಿಬ್ಬಗಳನ್ನು ಊರಿನ ಅಂಚಿನಲ್ಲಿ ಬಿಟ್ಟುಹೋಯಿತು.

ಮಕ್ಕಳ ಮನಸ್ಸಿನಲ್ಲಿ ಉಳಿಯುವಂಥ ಒಂದು ಸಂಗತಿಯನ್ನೂ ಹೇಳುತ್ತೇನೆ. ಕ್ರಿ.ಪೂ. 20ರ ದಶಕದಲ್ಲಿ ಕುಶ್‌ನ ಸೈನ್ಯ ರೋಮಿನ ಹಿಡಿತದಲ್ಲಿದ್ದ ಈಜಿಪ್ಟಿನ ದಕ್ಷಿಣದ ಊರುಗಳ ಮೇಲೆ ದಾಳಿ ಮಾಡಿ, ಚಕ್ರವರ್ತಿ ಅಗಸ್ಟಸ್‌ನ ಕಂಚಿನ ಪ್ರತಿಮೆಯೊಂದರ ತಲೆಯನ್ನು ಮುರಿದು ತಂದಿತು. 1910ರಲ್ಲಿ ಮೆರೋಯಿಯನ್ನು ಅಗೆದವರಿಗೆ ಆ ತಲೆ ಸಿಕ್ಕಿದ್ದು ಒಂದು ಗುಡಿಯ ಹೊಸ್ತಿಲಿನ ಬಳಿ, ಮಣ್ಣಿನ ಅಡಿಯಲ್ಲಿ. ಗುಡಿಗೆ ಬರುವವರೆಲ್ಲ ರೋಮಿನ ಚಕ್ರವರ್ತಿಯ ತಲೆಯನ್ನು ಮೆಟ್ಟಿಕೊಂಡೇ ಒಳಗೆ ಹೋಗಲಿ ಎಂದು ಅದನ್ನು ಅಲ್ಲಿ ಹೂತಿದ್ದರು. ಮರಳಿನಲ್ಲಿ ಹುದುಗಿದ್ದರಿಂದ ಗಾಜಿನ ಕಣ್ಣುಗಳು ಸಹ ಹಾಗೆಯೇ ಉಳಿದಿವೆ.

ಕುಶ್ ರಾಜ್ಯದ ಪೂರ್ವಕ್ಕೆ, ಇಂದಿನ ಇಥಿಯೋಪಿಯ ಮತ್ತು ಎರಿಟ್ರಿಯದಲ್ಲಿ, ಆಕ್ಸುಮ್ ರಾಜ್ಯವಿತ್ತು. ಕೆಂಪು ಸಮುದ್ರದ ಅಡುಲಿಸ್ ಬಂದರಿನಿಂದ ದಂತ ಮೊದಲಾದ ಸರಕುಗಳನ್ನು ಸಾಗಿಸುತ್ತಿದ್ದ ಈ ರಾಜ್ಯ ಚಿನ್ನ, ಬೆಳ್ಳಿ, ತಾಮ್ರ ಮೂರರಲ್ಲೂ ಸ್ವಂತ ನಾಣ್ಯ ಟಂಕಿಸಿತು. 4ನೇ ಶತಮಾನದಲ್ಲಿ ಅದರ ದೊರೆ ಎಜಾನಾ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ. ಅಲ್ಲಿ ನಿಲ್ಲಿಸಿದ್ದ ಏಕಶಿಲಾ ಸ್ತಂಭಗಳಲ್ಲಿ 24 ಮೀಟರ್ ಎತ್ತರದ ಒಂದನ್ನು ಇಟಲಿಯವರು 1937ರಲ್ಲಿ ರೋಮಿಗೆ ಸಾಗಿಸಿದ್ದರು. ಅದು ಊರಿಗೆ ಮರಳಿದ್ದು 2005ರಲ್ಲಿ. ಘಾನಾ, ಮಾಲಿ, ಕಿಲ್ವಾ, ಜಿಂಬಾಬ್ವೆಗಳ ವಿಷಯ ಮುಂದಿನ ಉತ್ತರಗಳಲ್ಲಿ ಬರುತ್ತದೆ.

ಪ್ರಶ್ನೆ: ಪಶ್ಚಿಮ ಆಫ್ರಿಕಾದಲ್ಲಿ ಉಪ್ಪನ್ನು ಸಮತೂಕದ ಚಿನ್ನಕ್ಕೆ ಮಾರುತ್ತಿದ್ದರಂತೆ. ಇದು ನಿಜವೇ? ಉಪ್ಪಿಗೆ ಅಷ್ಟು ಬೆಲೆ ಹೇಗೆ ಬಂತು?

ಉತ್ತರ: ಈ ಮಾತು ಎಷ್ಟು ಹಬ್ಬಿದೆಯೆಂದರೆ ಅದನ್ನು ಲೆಕ್ಕ ಹಾಕಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ನಾವು ಹಾಕಿ ನೋಡೋಣ. 1352ರಲ್ಲಿ ಸಹಾರಾ ದಾಟಿ ಮಾಲಿಗೆ ಹೋದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಉಪ್ಪಿನ ಧಾರಣೆಯನ್ನು ಬರೆದಿಟ್ಟಿದ್ದಾನೆ. ಮರುಭೂಮಿಯ ದಕ್ಷಿಣದ ಅಂಚಿನ ವಲಾಟಾ ಪಟ್ಟಣದಲ್ಲಿ ಒಂದು ಒಂಟೆ ಹೇರು ಉಪ್ಪಿಗೆ 8ರಿಂದ 10 ಮಿಸ್ಕಾಲ್ ಚಿನ್ನ. ಅದೇ ಹೇರು ಮಾಲಿಯ ರಾಜಧಾನಿಗೆ ತಲುಪಿದರೆ 20ರಿಂದ 30, ಕೆಲವೊಮ್ಮೆ 40 ಮಿಸ್ಕಾಲ್. ಒಂದು ಮಿಸ್ಕಾಲ್ ಎಂದರೆ ನಾಲ್ಕೂಕಾಲು ಗ್ರಾಮಿನ ಆಸುಪಾಸು. ಆದ್ದರಿಂದ ಅತಿ ಹೆಚ್ಚಿನ ಧಾರಣೆಯಲ್ಲೂ ಕ್ವಿಂಟಾಲಿನ ಲೆಕ್ಕದಲ್ಲಿ ತೂಗುವ ಉಪ್ಪಿಗೆ ಸಿಗುತ್ತಿದ್ದ ಚಿನ್ನ 170 ಗ್ರಾಂ. ಅದಕ್ಕೂ ನಾಲ್ಕು ಶತಮಾನ ಮೊದಲು ಇಬ್ನ್ ಹೌಕಲ್ ಎಂಬ ಭೂಗೋಳಜ್ಞ ಒಳನಾಡಿನಲ್ಲಿ ಒಂದು ಹೇರಿಗೆ 200ರಿಂದ 300 ದಿನಾರ್ (ಸುಮಾರು ಒಂದು ಮಿಸ್ಕಾಲ್ ತೂಕದ ಚಿನ್ನದ ನಾಣ್ಯ) ಬೆಲೆ ಬರುತ್ತದೆಂದು ಬರೆದಿದ್ದಾನೆ. ಅದನ್ನೇ ಹಿಡಿದರೂ ಒಂದು ಕಿಲೋ ಮೇಲೆ ಸ್ವಲ್ಪ ಚಿನ್ನವಾಯಿತು. ಸಮತೂಕದ ಮಾತು ಬಾಯಿಂದ ಬಾಯಿಗೆ ಬೆಳೆದದ್ದು.

ಆದರೂ ಈ ಅಂಕಿಗಳಲ್ಲಿ ಬೆರಗುಪಡುವಂಥದ್ದು ಇದೆ. ವಲಾಟಾದಿಂದ ರಾಜಧಾನಿಗೆ ಹೋಗುವಷ್ಟರಲ್ಲಿ ಬೆಲೆ ಮೂರು ನಾಲ್ಕು ಪಟ್ಟು ಏರುತ್ತಿತ್ತು. ಬಿಸಿಲಿನ ನಾಡಿನಲ್ಲಿ ಬೆವರು ಸುರಿಸಿ ದುಡಿಯುವ ಜನರಿಗೂ ದನಕರುಗಳಿಗೂ ಉಪ್ಪು ಬೇಕೇ ಬೇಕು, ಸವನ್ನಾದ ಒಳನಾಡಿನಲ್ಲಿ ಅದು ಸಾಕಷ್ಟು ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ಸಹಾರಾದ ನಟ್ಟನಡುವೆ, ತಘಾಜಾ ಎಂಬಲ್ಲಿ. ಮೊರಾಕ್ಕೋದ ದಕ್ಷಿಣದ ಸಿಜಿಲ್ಮಾಸಾ ಪಟ್ಟಣದಿಂದ ಹೊರಟು 25 ದಿನಗಳಿಗೆ ಅಲ್ಲಿಗೆ ತಲುಪಿದ ಇಬ್ನ್ ಬತೂತಾ ಕಂಡದ್ದು ಒಂದು ಮರವೂ ಇಲ್ಲದ ಊರನ್ನು. ಮನೆಗಳ ಗೋಡೆ ಉಪ್ಪಿನ ಚಪ್ಪಡಿಯದು, ಮಸೀದಿಯೂ ಉಪ್ಪಿನದೇ, ಮಾಡಿಗೆ ಒಂಟೆಯ ಚರ್ಮ. ಮರಳನ್ನು ಅಗೆದರೆ ಯಾರೋ ಕಡಿದು ಒಂದರ ಮೇಲೊಂದು ಜೋಡಿಸಿಟ್ಟಂತೆ ಉಪ್ಪಿನ ದಪ್ಪ ಹಾಸುಗಳು ಸಿಗುತ್ತಿದ್ದವು. ಒಂಟೆಯೊಂದಕ್ಕೆ ಎರಡು ಚಪ್ಪಡಿ ಹೇರುತ್ತಿದ್ದರು. ಅಲ್ಲಿ ಇದ್ದವರು ಮಸೂಫಾ ಬುಡಕಟ್ಟಿನವರ ಗುಲಾಮರು ಮಾತ್ರ. ಅವರ ಖರ್ಜೂರ ಉತ್ತರದಿಂದ ಬರಬೇಕು, ಧಾನ್ಯ ದಕ್ಷಿಣದಿಂದ ಬರಬೇಕು, ಕುಡಿಯುವ ನೀರಿಗೂ ಉಪ್ಪಿನ ರುಚಿ. ಇಂಥ ದರಿದ್ರ ಊರಿನಲ್ಲಿ ರಾಶಿ ರಾಶಿ ಚಿನ್ನದ ಪುಡಿಯ ವ್ಯವಹಾರ ನಡೆಯುತ್ತಿತ್ತೆಂದು ಅವನು ಬರೆಯುತ್ತಾನೆ.

ಅಲ್ಲಿಂದ ಮುಂದಿನ ದಾರಿ ಇನ್ನೂ ಕಷ್ಟದ್ದು. ಒಂಟೆಗಳ ತಂಡದವರು ಮಸೂಫಾ ಬುಡಕಟ್ಟಿನ ಒಬ್ಬನಿಗೆ 100 ಮಿಸ್ಕಾಲ್ ಕೊಟ್ಟು ಮುಂದಾಗಿ ವಲಾಟಾಕ್ಕೆ ಕಳುಹಿಸುತ್ತಿದ್ದರು. ಅವನು ತಲುಪಿದರೆ ಊರವರು ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡುತ್ತಿದ್ದರು. ಅವನು ದಾರಿಯಲ್ಲಿ ಸತ್ತರೆ ತಂಡದ ಕತೆಯೂ ಮುಗಿದಂತೆಯೇ. ಇಬ್ನ್ ಬತೂತಾನ ತಂಡದ ದಾರಿತೋರುಗನಿಗೆ ಒಂದು ಕಣ್ಣು ಕುರುಡು, ಇನ್ನೊಂದು ಕಣ್ಣಿಗೆ ರೋಗ. ಆದರೂ ಆ ದಾರಿಯನ್ನು ಅವನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲವಂತೆ. ಉಪ್ಪಿನ ಬೆಲೆಯಲ್ಲಿ ಇದೆಲ್ಲದರ ಖರ್ಚೂ ಸೇರಿತ್ತು.

ಪ್ರಶ್ನೆ: ಘಾನಾ ಮತ್ತು ಮಾಲಿಯ ದೊರೆಗಳಿಗೆ ಚಿನ್ನದ ಗಣಿಗಳಿದ್ದವು, ಅದರಿಂದಲೇ ಅವರು ಬಲಿಷ್ಠರಾದರು ಎಂದು ಓದಿದ್ದೇನೆ. ಆ ಗಣಿಗಳು ಎಲ್ಲಿದ್ದವು?

ಉತ್ತರ: ಸ್ಥಳವನ್ನು ಮೊದಲು ಹೇಳಿಬಿಡುತ್ತೇನೆ: ಸೆನೆಗಲ್ ಮತ್ತು ಫಲೇಮೆ ನದಿಗಳ ನಡುವಿನ ಬಂಬುಕ್, ನೈಜರ್ ನದಿಯ ಮೇಲ್ಭಾಗದ ಬುರೆ, ಮುಂದೆ ಇನ್ನೂ ದಕ್ಷಿಣಕ್ಕೆ ಆಕಾನ್ ಜನರ ಕಾಡುಗಳು. ಆದರೆ ನಿಮ್ಮ ಮಾತಿನ ಎರಡನೆಯ ಭಾಗವನ್ನು ತಿದ್ದಬೇಕಾಗಿದೆ. ದೊರೆಗಳ ಬಲ ಇದ್ದದ್ದು ಗಣಿಯಲ್ಲಿ ಅಲ್ಲ, ಸುಂಕದ ಕಟ್ಟೆಯಲ್ಲಿ.

ಹಳೆಯ ಘಾನಾ ರಾಜ್ಯ ಇಂದಿನ ಘಾನಾ ದೇಶವಿರುವ ಕಡೆ ಇರಲಿಲ್ಲ. ಸೋನಿಂಕೆ ಜನರ ಆ ರಾಜ್ಯ ಇಂದಿನ ಮಾರಿಟಾನಿಯ ಮತ್ತು ಮಾಲಿ ದೇಶಗಳ ಗಡಿಯ ಸುತ್ತ ಇತ್ತು. ಮಾರಿಟಾನಿಯದಲ್ಲಿರುವ ಕುಂಬಿ ಸಾಲೆ ಎಂಬಲ್ಲಿನ ಅವಶೇಷಗಳೇ ಅದರ ರಾಜಧಾನಿಯೆಂದು ಗುರುತಿಸಲಾಗಿದೆ. 1068ರಲ್ಲಿ ಸ್ಪೇನಿನಲ್ಲಿ ಕುಳಿತು ಅಲ್-ಬಕ್ರಿ ಎಂಬ ವಿದ್ವಾಂಸ ಅದನ್ನು ವರ್ಣಿಸಿದ್ದಾನೆ. ಅವನು ಆಫ್ರಿಕಾಕ್ಕೆ ಕಾಲಿಟ್ಟವನಲ್ಲ, ಹೋಗಿಬಂದ ವರ್ತಕರಿಂದ ಕೇಳಿ ಬರೆದವನು. ಆದರೆ ವರ್ತಕರು ಸುಂಕದ ದರವನ್ನು ತಪ್ಪಾಗಿ ಹೇಳುವುದು ಕಡಿಮೆ. ಉಪ್ಪು ಹೊತ್ತ ಕತ್ತೆಯೊಂದು ರಾಜ್ಯದೊಳಗೆ ಬಂದರೆ ಒಂದು ಚಿನ್ನದ ದಿನಾರ್, ಅದೇ ಉಪ್ಪು ಮುಂದಿನ ನಾಡಿಗೆ ಹೊರಟರೆ ಎರಡು ದಿನಾರ್. ಒಂದು ಹೇರು ತಾಮ್ರಕ್ಕೆ ಐದು ಮಿಸ್ಕಾಲ್, ಇತರ ಸರಕಿಗೆ ಹತ್ತು. ಚಿನ್ನದ ವಿಷಯದಲ್ಲಿ ನಿಯಮ ಬೇರೆ. ಗಣಿಗಳಲ್ಲಿ ಸಿಕ್ಕ ಗಟ್ಟಿಗಳೆಲ್ಲ ದೊರೆಗೆ, ಪುಡಿ ಚಿನ್ನ ಮಾತ್ರ ಪ್ರಜೆಗಳಿಗೆ. ಹೀಗೆ ಮಾಡದೆ ಹೋದರೆ ಚಿನ್ನ ಎಲ್ಲರ ಕೈಗೂ ಬಂದು ಅದಕ್ಕೆ ಬೆಲೆಯೇ ಇಲ್ಲದಂತಾಗುತ್ತಿತ್ತು ಎಂದು ಅಲ್-ಬಕ್ರಿ ಕಾರಣವನ್ನೂ ಕೊಡುತ್ತಾನೆ. ಸಾವಿರ ವರ್ಷದ ಹಿಂದಿನ ಈ ಒಂದು ವಾಕ್ಯದಲ್ಲಿರುವ ಹಣಕಾಸಿನ ತಿಳಿವಳಿಕೆ ನನಗೆ ಆ ಆಸ್ಥಾನದ ಚಿನ್ನದ ಆಭರಣಗಳ ವರ್ಣನೆಗಿಂತ ಹೆಚ್ಚು ಮೆಚ್ಚುಗೆಯಾಗಿದೆ. ಅಂದಹಾಗೆ, ಘಾನಾದ ಸಿಂಹಾಸನ ದೊರೆಯ ಮಗನಿಗೆ ಹೋಗದೆ ಸೋದರಿಯ ಮಗನಿಗೆ ಹೋಗುತ್ತಿತ್ತೆಂದೂ ಅವನು ದಾಖಲಿಸಿದ್ದಾನೆ. ಕನ್ನಡದಲ್ಲಿ ಇದಕ್ಕೆ ಅಳಿಯಸಂತಾನ ಎಂಬ ಪದ ಸಿದ್ಧವಾಗಿಯೇ ಇದೆ.

ಮಾಲಿಯ ದೊರೆಗಳು ಘಾನಾಕ್ಕಿಂತ ದಕ್ಷಿಣಕ್ಕೆ ಚಾಚಿ ಗಣಿಗಳ ನಾಡಿನ ಹತ್ತಿರ ಹೋದರು, ಆದರೂ ಅಲ್ಲಿ ನೇರ ಆಳ್ವಿಕೆ ನೆಲೆಗೊಳ್ಳಲಿಲ್ಲ. ಅದಕ್ಕೆ ಕೈಹಾಕಿದಾಗ ಏನಾಯಿತೆಂಬುದು ಕೈರೋದ ಅಧಿಕಾರಿ ಅಲ್-ಉಮರಿಯ ಬರಹದಲ್ಲಿದೆ: ಚಿನ್ನ ತೆಗೆಯುವವರ ಊರನ್ನು ಗೆದ್ದು ಅಲ್ಲಿ ಇಸ್ಲಾಮನ್ನು ಹರಡಿದಾಗಲೆಲ್ಲ ಆ ಊರಿನ ಚಿನ್ನ ಬತ್ತಿ, ಪಕ್ಕದ ಊರುಗಳಲ್ಲಿ ಹೆಚ್ಚುತ್ತಿತ್ತಂತೆ. ಜನ ಜಾಗ ಬಿಟ್ಟು ಹೋಗುತ್ತಿದ್ದರು ಅಥವಾ ಕೆಲಸ ನಿಲ್ಲಿಸುತ್ತಿದ್ದರು ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಕೊನೆಗೆ ದೊರೆಗಳು ಅವರ ನಂಬಿಕೆ ಅವರಿಗಿರಲಿ ಎಂದು ಬಿಟ್ಟು ಕಪ್ಪ ವಸೂಲಿಗಷ್ಟೇ ತೃಪ್ತಿಪಟ್ಟರು. ಗಣಿಯ ಊರುಗಳಿಗೂ ಮಾರುಕಟ್ಟೆಗೂ ನಡುವೆ ಓಡಾಡುತ್ತಿದ್ದವರು ವಂಗಾರಾ ಎಂಬ ವರ್ತಕರು, ಮತ್ತು ಅವರು ತಮ್ಮ ದಾರಿಗಳನ್ನು ಹೊರಗಿನವರಿಗೆ ಬಿಟ್ಟುಕೊಟ್ಟವರಲ್ಲ.

ಪ್ರಶ್ನೆ: ಮಾಲಿಯ ಮನ್ಸಾ ಮೂಸಾ ಜಗತ್ತಿನ ಸಾರ್ವಕಾಲಿಕ ಶ್ರೀಮಂತನೇ? ಅವನು ಹಂಚಿದ ಚಿನ್ನದಿಂದ ಈಜಿಪ್ಟಿನ ಆರ್ಥಿಕತೆ ಕುಸಿದುಬಿತ್ತು ಎಂಬುದು ಸರಿಯೇ?

ಉತ್ತರ: ಮೊದಲನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಮಾರಾಟಕ್ಕೆ ಭೂಮಿಯಾಗಲಿ ಷೇರಾಗಲಿ ಇಲ್ಲದ ಕಾಲದ ದೊರೆಯ ಸಂಪತ್ತನ್ನು ಇಂದಿನ ಡಾಲರಿಗೆ ಇಳಿಸುವ ಲೆಕ್ಕಕ್ಕೆ ಬುಡವಿಲ್ಲ.

ಎರಡನೆಯದಕ್ಕೆ ಉತ್ತರವಿದೆ. 1312ರಲ್ಲಿ ಪಟ್ಟಕ್ಕೆ ಬಂದ ಮೂಸಾ 1324ರಲ್ಲಿ ಮಕ್ಕಾ ಯಾತ್ರೆಗೆ ಹೋಗುವಾಗ ಕೈರೋದಲ್ಲಿ ತಂಗಿದ. ಸುಲ್ತಾನನ ಎದುರು ನೆಲ ಮುಟ್ಟಿ ನಮಸ್ಕರಿಸಲು ಮೊದಲು ಒಪ್ಪದೆ, ಕೊನೆಗೆ ‘ನನ್ನನ್ನು ಸೃಷ್ಟಿಸಿದ ದೇವರಿಗೆ’ ಎಂದು ಹೇಳಿ ಬಾಗಿದನೆಂದು ಅವನ ಸ್ವಾಗತಕ್ಕೆ ಹೋಗಿದ್ದ ಅಧಿಕಾರಿಯೇ ಅಲ್-ಉಮರಿಗೆ ತಿಳಿಸಿದ್ದಾನೆ. ಅಧಿಕಾರಿಗಳಲ್ಲಿ ಅವನಿಂದ ಚಿನ್ನ ಪಡೆಯದವರು ಯಾರೂ ಉಳಿಯಲಿಲ್ಲ. ಅವನು ಬರುವ ಮೊದಲು ಒಂದು ಮಿಸ್ಕಾಲ್ ಚಿನ್ನದ ಬೆಲೆ 25 ಬೆಳ್ಳಿಯ ದಿರ್ಹಮ್‌ಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಆಮೇಲೆ 22ಕ್ಕಿಂತ ಮೇಲೆ ಏರಲಿಲ್ಲ, ಮತ್ತು 12 ವರ್ಷದ ಬಳಿಕವೂ ಸ್ಥಿತಿ ಹಾಗೆಯೇ ಇತ್ತು. ಅಂದರೆ ಶೇಕಡಾ 12ರಷ್ಟು ಇಳಿಕೆ. ಒಬ್ಬ ಯಾತ್ರಿಕನಿಂದ ಇಷ್ಟಾದದ್ದೇ ಅಸಾಧಾರಣ, ಆದರೆ ಇದನ್ನು ಕುಸಿತ ಎನ್ನಲಾಗದು. ಕೈರೋದ ಅಂಗಡಿಯವರು ಅವನ ಪರಿವಾರದವರಿಗೆ ಒಂದು ದಿನಾರಿನ ಬಟ್ಟೆಯನ್ನು ಐದು ದಿನಾರಿಗೆ ಮಾರಿ ಚೆನ್ನಾಗಿ ಬಾಚಿಕೊಂಡರು. ಕೈಯಲ್ಲಿದ್ದುದೆಲ್ಲ ಖರ್ಚಾಗಿ, ಮೂಸಾ ಹಿಂದಿರುಗುವಾಗ ಅದೇ ಊರಿನ ಸಾಹುಕಾರರಲ್ಲಿ ಭಾರಿ ಬಡ್ಡಿಗೆ ಸಾಲ ಎತ್ತಬೇಕಾಯಿತು.

ಆದರೆ ಅವನ ಹೆಸರು ಮಾತ್ರ ಸಮುದ್ರ ದಾಟಿತು. 1375ರ ಕ್ಯಾಟಲನ್ ನಕ್ಷೆಯಲ್ಲಿ ಸಹಾರಾದ ಕೆಳಗೆ ಕಿರೀಟಧಾರಿಯಾಗಿ ಕುಳಿತು, ಕೈಯಲ್ಲಿ ಚಿನ್ನದ ಉಂಡೆ ಹಿಡಿದಿರುವವನು ಅವನೇ. ಆ ಚಿತ್ರವನ್ನು ನೋಡಿದ ಯುರೋಪಿಯನ್ನರಿಗೆ ಆ ಚಿನ್ನದ ಮೂಲಕ್ಕೆ ಸಮುದ್ರದ ಮೇಲಿನಿಂದ ದಾರಿ ಹುಡುಕುವ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ಟಿಂಬಕ್ಟು ನಿಜವಾದ ಊರೋ, ಕಲ್ಪನೆಯೋ?

ಉತ್ತರ: ನಿಜವಾದ ಊರು, ಇಂದಿಗೂ ಮಾಲಿ ದೇಶದಲ್ಲಿದೆ. ಸುಮಾರು 1100ರ ಹೊತ್ತಿಗೆ ಟುವಾರೆಗ್ ದನಗಾಹಿಗಳ ಬೇಸಿಗೆಯ ಬೀಡಾಗಿ ಶುರುವಾದದ್ದು, ಮರಳಿನ ದಾರಿಯೂ ನೈಜರ್ ನದಿಯ ದಾರಿಯೂ ಕೂಡುವ ಜಾಗವಾದ್ದರಿಂದ ಪಟ್ಟಣವಾಗಿ ಬೆಳೆಯಿತು. ಒಂಟೆಯಿಂದ ಇಳಿದ ಉಪ್ಪು ಅಲ್ಲಿ ದೋಣಿ ಏರುತ್ತಿತ್ತು. ಮೂಸಾನ ಕಾಲದಲ್ಲಿ ಕಟ್ಟಿದ ಜಿಂಗರೆಬೆರ್ ಮಸೀದಿ ಹಸಿ ಇಟ್ಟಿಗೆ ಮತ್ತು ಮಣ್ಣಿನದು. ಪುಸ್ತಕ ಅಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿದ್ದ ಸರಕು. ಮಾಲಿಯ ಬಳಿಕ ಬಲಿತ ಸೊಂಘಾಯ್ ಸಾಮ್ರಾಜ್ಯದ ಕಾಲಕ್ಕೆ ಅದು ವಿದ್ವಾಂಸರ ಊರೆಂದು ಹೆಸರಾಯಿತು. 1591ರಲ್ಲಿ ಆ ಸಾಮ್ರಾಜ್ಯವನ್ನು ಬಂದೂಕಿನ ಬಲದಿಂದ ಮುರಿದವರು ಯುರೋಪಿನವರಲ್ಲ, ಮೊರಾಕ್ಕೋದ ಸುಲ್ತಾನನ ಸೈನಿಕರು. ಸೆರೆಯಾಗಿ ಮರಾಕೆಶ್‌ಗೆ ಒಯ್ಯಲ್ಪಟ್ಟ ವಿದ್ವಾಂಸ ಅಹಮದ್ ಬಾಬಾ ತನ್ನಿಂದ 1600 ಗ್ರಂಥಗಳನ್ನು ಕಸಿದುಕೊಂಡರೆಂದೂ, ತನ್ನ ಬಂಧುಗಳಲ್ಲೆಲ್ಲ ತನ್ನ ಸಂಗ್ರಹವೇ ಚಿಕ್ಕದಾಗಿತ್ತೆಂದೂ ಹೇಳಿಕೊಂಡಿದ್ದಾನೆ.

ಪ್ರಶ್ನೆ: ಆಫ್ರಿಕಾದಲ್ಲಿ ಕವಡೆ ಹಣವಾಗಿತ್ತೆಂದು ಕೇಳಿದೆ. ಯಾವ ಕವಡೆ, ಎಲ್ಲಿಂದ ಬಂತು?

ಉತ್ತರ: ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು, ಆದರೆ ಅವೇ ಕವಡೆಗಳು, ಮಾಲ್ಡೀವ್ಸಿನ ಕಡಲಿನಿಂದ ಹೊರಟವು. ಇಬ್ನ್ ಬತೂತಾ ಮಾಲ್ಡೀವ್ಸಿನಲ್ಲಿ ಕೆಲಕಾಲ ನ್ಯಾಯಾಧೀಶನಾಗಿದ್ದವನು. ಅಲ್ಲಿ ಕಂಡ ಕವಡೆಯನ್ನೇ ವರ್ಷಗಳ ಬಳಿಕ ಮಾಲಿಯ ರಾಜಧಾನಿಯಲ್ಲೂ ಗಾವೊ ಪಟ್ಟಣದಲ್ಲೂ ಚಲಾವಣೆಯಲ್ಲಿ ಕಂಡ. ದರ, ಒಂದು ಚಿನ್ನದ ದಿನಾರಿಗೆ 1150 ಕವಡೆ. ಹಿಂದೂ ಮಹಾಸಾಗರ, ಈಜಿಪ್ಟ್, ಸಹಾರಾ ಎಲ್ಲವನ್ನೂ ದಾಟಿ ಬಂದ ಮೇಲೆ ಅದಕ್ಕೆ ಬೆಲೆ ಬಾರದಿರುತ್ತದೆಯೇ? ಕವಡೆ ಸವೆಯುವುದಿಲ್ಲ, ಎಣಿಸಲು ಸುಲಭ, ಖೋಟಾ ಮಾಡಲಾಗದು, ಸಂತೆಯ ಸಣ್ಣ ವ್ಯಾಪಾರಕ್ಕೆ ಚಿನ್ನದ ಪುಡಿಯನ್ನು ತೂಗುತ್ತ ಕೂರಬೇಕಾಗಿಲ್ಲ. ಕಾಂಗೋ ರಾಜ್ಯದಲ್ಲಿ ಇನ್ನೊಂದು ಬಗೆ ಇತ್ತು: ಲುವಾಂಡಾ ದ್ವೀಪದ ಕರಾವಳಿಯಲ್ಲಿ ಆಯುವ ನ್ಜಿಂಬು ಎಂಬ ಪುಟ್ಟ ಚಿಪ್ಪು. ಆ ದ್ವೀಪ ದೊರೆಯ ವಶದಲ್ಲಿತ್ತು, ಎಂದರೆ ಟಂಕಸಾಲೆಯೇ ಸಮುದ್ರದಲ್ಲಿತ್ತು.

ಪ್ರಶ್ನೆ: ಕಿಲ್ವಾ, ಮೊಂಬಾಸಾ, ಮಾಲಿಂದಿಗಳನ್ನು ಅರಬ್ಬರು ಕಟ್ಟಿದರು, ಸ್ಥಳೀಯರಿಗೆ ಅದರಲ್ಲಿ ಪಾತ್ರವಿರಲಿಲ್ಲ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಈ ವಾದ ಭಾಷೆಯ ಮುಂದೆಯೇ ಸೋಲುತ್ತದೆ. ಪೂರ್ವ ಆಫ್ರಿಕಾದ ಈ ಕರಾವಳಿಯ ಸ್ವಾಹಿಲಿ, ಆಫ್ರಿಕಾದ್ದೇ ಆದ ಬಾಂಟು ಕುಲದ ಭಾಷೆ. ಅರಬ್ಬಿ ಪದಗಳು ಅದರಲ್ಲಿ ಹೇರಳವಾಗಿವೆ, ವ್ಯಾಕರಣ ಮಾತ್ರ ಆಫ್ರಿಕಾದ್ದೇ. ಲಾಮು ದ್ವೀಪಸಮೂಹದ ಶಾಂಗಾದಲ್ಲಿ ನಡೆದ ಉತ್ಖನನದಲ್ಲಿ, 8ನೇ ಶತಮಾನದ ಸ್ಥಳೀಯ ಹಳ್ಳಿಯೊಂದರ ನಡುವೆ ಮರದ ಪುಟ್ಟ ಮಸೀದಿ, ಅದೇ ಜಾಗದಲ್ಲಿ ಮುಂದಿನ ತಲೆಮಾರುಗಳಲ್ಲಿ ಹವಳದ ಕಲ್ಲಿನ ಮಸೀದಿ, ಹೀಗೆ ಊರು ಒಳಗಿನಿಂದಲೇ ಬೆಳೆದ ಕ್ರಮ ಪದರ ಪದರವಾಗಿ ಕಂಡಿದೆ. ಹೊರಗಿನವರು ಬರಲಿಲ್ಲ ಎಂದಲ್ಲ. 2023ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು, ಸುಮಾರು 1000ನೇ ಇಸವಿಯಿಂದ ಪರ್ಷಿಯಾ ಮೂಲದ ಗಂಡಸರೂ ಆಫ್ರಿಕಾದ ಹೆಂಗಸರೂ ಬೆರೆತ ಕುಟುಂಬಗಳು ಈ ಊರುಗಳಲ್ಲಿದ್ದವು ಎಂದು ತೋರಿಸಿದೆ. ಗಂಡ ಹಡಗಿನಲ್ಲಿ ಬಂದವನು, ಮನೆಯಲ್ಲಿ ನಡೆಯುವುದು ಹೆಂಡತಿಯ ಭಾಷೆ ಎಂದರೆ ಚಿತ್ರ ಸ್ಪಷ್ಟವಾಗುತ್ತದೆ.

ಈ ಊರುಗಳ ಪಂಚಾಂಗವನ್ನು ಬರೆದದ್ದು ಗಾಳಿ. ಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದ ಕಾಸ್ಕಾಜಿ ಬೀಸಿ ಅರೇಬಿಯ ಮತ್ತು ಭಾರತದ ಹಡಗುಗಳನ್ನು ಆಫ್ರಿಕಾದ ತೀರಕ್ಕೆ ತಂದರೆ, ಏಪ್ರಿಲ್ ಬಳಿಕದ ಕೂಸಿ ಅವನ್ನು ಹಿಂದಕ್ಕೆ ತಳ್ಳುತ್ತಿತ್ತು. ಒಂದೇ ಋತುವಿನಲ್ಲಿ ಹೋಗಿಬರಲು ಸಾಧ್ಯವಿದ್ದದ್ದು ಇಂದಿನ ಕೀನ್ಯಾ, ಟಾಂಜಾನಿಯಗಳ ತೀರದವರೆಗೆ. ಚಿನ್ನ ಬರುತ್ತಿದ್ದುದಾದರೋ ಇನ್ನೂ ದಕ್ಷಿಣದ, ಇಂದಿನ ಮೊಜಾಂಬಿಕ್‌ನ ಸೋಫಾಲಾದಿಂದ. ದೂರದ ಹಡಗು ಕಾಯಲಾಗದ, ಒಳನಾಡಿನವರು ಬರಲಾಗದ ಈ ನಡುವಣ ದೂರದಲ್ಲೇ ಕಿಲ್ವಾ ದ್ವೀಪದ ಭಾಗ್ಯ ಅಡಗಿತ್ತು. ಸೋಫಾಲಾದ ವ್ಯಾಪಾರವನ್ನು ಹಿಡಿತಕ್ಕೆ ತಂದುಕೊಂಡ ಕಿಲ್ವಾದ ಸುಲ್ತಾನರು ಚಿನ್ನವನ್ನು ತಮ್ಮಲ್ಲಿ ಕೂಡಿಟ್ಟು, ಮಾನ್ಸೂನಿನ ಜೊತೆ ಬಂದವರಿಗೆ ಮಾರಿದರು. 1331ರಲ್ಲಿ ಇಬ್ನ್ ಬತೂತಾ ಹೋದಾಗ ಅಲ್ಲಿ ಆಳುತ್ತಿದ್ದವನು ಅಲ್-ಹಸನ್ ಬಿನ್ ಸುಲೇಮಾನ್. ಸಮುದ್ರದ ಮೇಲಿನ ದಿಣ್ಣೆಯಲ್ಲಿ ಅವನು ಕಟ್ಟಿಸಿದ ಹುಸುನಿ ಕುಬ್ವಾ ಅರಮನೆಯ ಎಂಟು ಮೂಲೆಯ ಕೊಳದ ಅವಶೇಷ ಇಂದಿಗೂ ಇದೆ. 1415ರಲ್ಲಿ ಮಾಲಿಂದಿಯ ರಾಯಭಾರಿಗಳು ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಒಪ್ಪಿಸಿದರು. ಅದೇ ಮಾಲಿಂದಿಯಲ್ಲಿ 1498ರಲ್ಲಿ ವಾಸ್ಕೋ ಡ ಗಾಮನಿಗೆ ಕಲ್ಲಿಕೋಟೆಗೆ ದಾರಿ ತೋರುವ ನಾವಿಕ ದೊರೆತ. ಎಂದರೆ ಅವನು ‘ಕಂಡುಹಿಡಿದ’ ಸಮುದ್ರಮಾರ್ಗದ ಕೊನೆಯ ಭಾಗ ಆ ತೀರದವರಿಗೆ ನಿತ್ಯದ ಓಡಾಟದ ದಾರಿಯಾಗಿತ್ತು.

ಪ್ರಶ್ನೆ: ರಾಗಿ, ಜೋಳ ಆಫ್ರಿಕಾದಿಂದ ಬಂದವು ಎಂಬುದು ಸರಿಯೇ?

ಉತ್ತರ: ಸರಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ಜೋಳದ್ದು ಸುಡಾನಿನ ಪೂರ್ವಭಾಗ, ಸಜ್ಜೆಯದ್ದು ಸಹಾರಾದ ದಕ್ಷಿಣದ ಅಂಚು. ಜೋಳ ಮತ್ತು ಸಜ್ಜೆ ಭಾರತಕ್ಕೆ ಬಂದದ್ದು ಮೇಲೆ ಹೇಳಿದ ಯಾವ ರಾಜ್ಯವೂ ಹುಟ್ಟುವ ಮೊದಲೇ.

ಪ್ರಶ್ನೆ: ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಗೋಡೆಗಳನ್ನು ಕಟ್ಟಿದವರು ಯಾರು? ಇದರ ಬಗ್ಗೆ ವಿವಾದವಿದೆಯೇ?

ಉತ್ತರ: ಕಟ್ಟಿದವರು ಶೋನಾ ಜನರ ಪೂರ್ವಿಕರು, 11ರಿಂದ 15ನೇ ಶತಮಾನದ ನಡುವೆ. ವಿದ್ವಾಂಸರಲ್ಲಿ ಇದರ ಬಗ್ಗೆ ಎರಡು ಮಾತಿಲ್ಲ. ಇದ್ದ ವಿವಾದ ರಾಜಕೀಯದ್ದು.

ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಕೆಲವೆಡೆ ಎತ್ತರ 11 ಮೀಟರ್. ಗಾರೆಯನ್ನೇ ಬಳಸದೆ, ಗ್ರಾನೈಟ್ ಬಂಡೆಯಿಂದ ಪದರವಾಗಿ ಎದ್ದ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಜೋಡಿಸಿದ್ದು. 1871ರಲ್ಲಿ ಅಲ್ಲಿಗೆ ಹೋದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್, ಬಾಗಿಲಿನ ಮರದ ತೊಲೆಯಿಂದ ಒಂದು ಚಕ್ಕೆ ಕೆತ್ತಿ ತನ್ನ ಪೆನ್ಸಿಲಿನ ಮರದೊಂದಿಗೆ ಹೋಲಿಸಿ ನೋಡಿದ. ಬಣ್ಣ ಒಂದೇ, ವಾಸನೆ ಒಂದೇ. ಪೆನ್ಸಿಲು ದೇವದಾರುವಿನದು, ಆದ್ದರಿಂದ ತೊಲೆಯೂ ದೇವದಾರು, ಅದು ಲೆಬನಾನಿನಿಂದಲೇ ಬಂದಿರಬೇಕು, ಆದ್ದರಿಂದ ಇದು ಬೈಬಲ್ಲಿನ ಶೇಬಾ ರಾಣಿಯ ಅರಮನೆ! ಮರ ಅಲ್ಲಿಯದೇ ಕಾಡಿನದಾಗಿತ್ತು. ಒಂದು ಪೆನ್ಸಿಲಿನ ಮೇಲೆ ಕಟ್ಟಿದ ಈ ಸಿದ್ಧಾಂತ ಬಿಳಿಯ ವಸಾಹತುಗಾರರಿಗೆ ಬಹಳ ಅನುಕೂಲವಾಯಿತು, ಏಕೆಂದರೆ ಕಟ್ಟಿದವರು ಸ್ಥಳೀಯರೆಂದು ಒಪ್ಪಿದರೆ ನೆಲವೂ ಅವರದೇ ಎಂದು ಒಪ್ಪಬೇಕಾಗುತ್ತಿತ್ತು. 1905ರಲ್ಲಿ ಡೇವಿಡ್ ರ‍್ಯಾಂಡಲ್-ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ ಇದು ಆಫ್ರಿಕನ್ನರದೇ ಎಂದು ಖಚಿತವಾಗಿ ಹೇಳಿದ ಮೇಲೂ, ರೊಡೇಷಿಯದ (ಇಂದಿನ ಜಿಂಬಾಬ್ವೆ ದೇಶದ) ಬಿಳಿಯ ಸರ್ಕಾರ ಆ ಮಾತನ್ನು ಮರೆಮಾಚಲು ಯತ್ನಿಸಿತು. ಒಪ್ಪದ ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶವನ್ನೇ ಬಿಡಬೇಕಾಯಿತು. 1980ರಲ್ಲಿ ಸ್ವತಂತ್ರವಾದ ದೇಶ ಆ ಅವಶೇಷದ ಹೆಸರನ್ನೇ ಇಟ್ಟುಕೊಂಡು, ಅಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿಯನ್ನು ಧ್ವಜದ ಮೇಲೆ ಕೂರಿಸಿತು.

ಈ ಊರಿನ ಸಂಪತ್ತಿಗೆ ಬುನಾದಿ ದನದ ಹಿಂಡುಗಳು. ಅದರ ಮೇಲೆ ಪಶ್ಚಿಮದ ಪ್ರಸ್ಥಭೂಮಿಯ ಚಿನ್ನ ಸೋಫಾಲಾಕ್ಕೆ ಹೋಗುವಾಗ ದೊರಕುತ್ತಿದ್ದ ಪಾಲು. ಅವಶೇಷಗಳಲ್ಲಿ ಚೀನಾದ ಪಿಂಗಾಣಿ, ಪರ್ಷಿಯದ ಬೋಗುಣಿಯ ಚೂರು, ಗಾಜಿನ ಮಣಿಗಳು ಸಿಕ್ಕಿವೆ. ಹಿಂದಿನ ಉತ್ತರದಲ್ಲಿ ಬಂದ ಕಿಲ್ವಾದ ಅಲ್-ಹಸನ್ ಬಿನ್ ಸುಲೇಮಾನ್‌ನ ಹೆಸರಿನ ಒಂದು ತಾಮ್ರದ ನಾಣ್ಯವೂ ಸಿಕ್ಕಿದೆ.

ಪ್ರಶ್ನೆ: ಯುರೋಪಿಯನ್ನರು ಬರುವ ಮೊದಲೇ ಆಫ್ರಿಕಾದಲ್ಲಿ ಗುಲಾಮಗಿರಿ ಇತ್ತಲ್ಲವೇ? ಅದನ್ನು ಏಕೆ ಯಾರೂ ಹೇಳುವುದಿಲ್ಲ?

ಉತ್ತರ: ಇತ್ತು, ಮತ್ತು ಈ ಅಂಕಣದಲ್ಲೇ ತಘಾಜಾದ ಉಪ್ಪನ್ನು ಅಗೆದವರು ಯಾರೆಂದು ಹೇಳಿದ್ದೇವೆ. ಇಬ್ನ್ ಬತೂತಾ 1353ರಲ್ಲಿ ಸಹಾರಾದ ದಕ್ಷಿಣದ ಅಂಚಿನ ತಕೆದ್ದಾ ಪಟ್ಟಣದಿಂದ ಊರಿಗೆ ಮರಳಿದ ತಂಡದಲ್ಲಿ 600 ಮಂದಿ ದಾಸಿಯರಿದ್ದರು. ಅವನು ಅದನ್ನು ಸರಕಿನ ಲೆಕ್ಕ ಹೇಳುವ ಧಾಟಿಯಲ್ಲೇ ಹೇಳಿ ಮುಂದೆ ಹೋಗುತ್ತಾನೆ. ಇರಾಕಿನ ಬಸ್ರಾದ ಜೌಗು ನೆಲದಲ್ಲಿ ದುಡಿಯುತ್ತಿದ್ದ, ಹಲವರು ಪೂರ್ವ ಆಫ್ರಿಕಾದಿಂದ ಬಂದವರಾಗಿದ್ದ ಗುಲಾಮರು 869ರಲ್ಲಿ ದಂಗೆಯೆದ್ದು 14 ವರ್ಷ ಹೋರಾಡಿದರು. ಮಾಲಿ, ಸೊಂಘಾಯ್ ದೊರೆಗಳ ಹೊಲಗಳಲ್ಲೂ ಸೈನ್ಯದಲ್ಲೂ ಗುಲಾಮರಿದ್ದರು. ಆದರೆ ಅಟ್ಲಾಂಟಿಕ್ ವ್ಯಾಪಾರವನ್ನು ಇದರೊಂದಿಗೆ ಸಮ ಮಾಡುವುದಕ್ಕೆ ನಾನು ಒಪ್ಪಲಾರೆ. ಸುಮಾರು ಮೂರೂವರೆ ಶತಮಾನಗಳಲ್ಲಿ ಸುಮಾರು ಒಂದೂಕಾಲು ಕೋಟಿ ಜನರನ್ನು ಹಡಗಿಗೆ ತುಂಬಿ, ಮೈಬಣ್ಣದ ಆಧಾರದಲ್ಲಿ ಮಕ್ಕಳು ಮೊಮ್ಮಕ್ಕಳವರೆಗೂ ಆಸ್ತಿಯೆಂದು ಬರೆಸಿದ ವ್ಯವಸ್ಥೆ ಅದು. ಹಳೆಯದು ಇತ್ತೆಂಬುದು ಹೊಸದಕ್ಕೆ ಸಮರ್ಥನೆಯಾಗದು. ಹೊಸದು ಘೋರವಾಗಿತ್ತೆಂಬ ಕಾರಣಕ್ಕೆ ಹಳೆಯದನ್ನು ಮುಚ್ಚಿಡುವುದೂ ಸಲ್ಲದು.

ಪ್ರಶ್ನೆ: ಎಲ್ಲವನ್ನೂ ಅರಬ್ ಪ್ರವಾಸಿಗಳ ಮಾತಿನಿಂದಲೇ ಹೇಳುತ್ತಿದ್ದೀರಿ. ಅವರನ್ನು ಎಷ್ಟು ನಂಬಬಹುದು? ಅವರು ನೋಡದ, ದೊರೆಗಳೇ ಇಲ್ಲದ ಊರುಗಳ ಕತೆ ಏನು?

ಉತ್ತರ: ಆಕ್ಷೇಪ ನ್ಯಾಯವಾದದ್ದು. ಮಾಲಿಯ ದೊರೆ ಮನ್ಸಾ ಸುಲೇಮಾನ್ ಸ್ವಾಗತದ ಕಾಣಿಕೆ ಕಳುಹಿಸಿದ್ದಾನೆಂದು ಕೇಳಿ ಇಬ್ನ್ ಬತೂತಾ ರೇಷ್ಮೆಯ ನಿಲುವಂಗಿ, ಹಣ ಬರುತ್ತದೆಂದು ಎದ್ದು ನಿಂತ. ಬಂದದ್ದು ಮೂರು ರೊಟ್ಟಿ, ಒಂದು ತುಂಡು ಹುರಿದ ದನದ ಮಾಂಸ, ಒಂದು ಸೋರೆಬುರುಡೆ ಮೊಸರು. ಅವನು ನಕ್ಕುಬಿಟ್ಟ, ಮತ್ತು ಆ ದೊರೆಯನ್ನು ಜಿಪುಣನೆಂದು ಬರೆದ. ಅದೇ ಲೇಖನಿಯಿಂದ, ಈ ನಾಡಿನಲ್ಲಿ ಪ್ರಯಾಣಿಕನಿಗೂ ನಿವಾಸಿಗೂ ಕಳ್ಳರ ಭಯವಿಲ್ಲ ಎಂಬ ಮಾತೂ ಬಂದಿದೆ. ಸಿಟ್ಟಿನಲ್ಲಿದ್ದವನ ಬಾಯಿಂದ ಬಂದ ಹೊಗಳಿಕೆಯಾದ್ದರಿಂದ ನಾನು ಅದನ್ನು ನಂಬುತ್ತೇನೆ. ಜೆಲಿ ಎಂಬ ಮನೆತನದ ಗಾಯಕರು ಸುಂಜಾತಾ ಕೇಟಾನ ಕತೆಯನ್ನು, 13ನೇ ಶತಮಾನದಲ್ಲಿ ಅವನು ಮಾಲಿಯನ್ನು ಕಟ್ಟಿದ ಬಗೆಯನ್ನು, ಇಂದಿಗೂ ಹಾಡುತ್ತಾರೆ. ಅದರಲ್ಲಿ ಇಸವಿಗಳಿಲ್ಲ, ಆದರೆ ಆ ಸಮಾಜ ತನ್ನನ್ನು ತಾನು ಹೇಗೆ ನೆನೆಯುತ್ತದೆ ಎಂಬುದಿದೆ.

ಇನ್ನು ಯಾರ ಲೇಖನಿಗೂ ಸಿಗದ ಊರುಗಳಿಗೆ ಗುದ್ದಲಿಯೇ ಗತಿ. ಮಾಲಿ ದೇಶದಲ್ಲಿ, ನೈಜರ್ ನದಿಯ ಒಳನಾಡಿನ ಮುಖಜಭೂಮಿಯಲ್ಲಿ ಜೆನ್ನೆ-ಜೆನೊ ಎಂಬ ದಿಬ್ಬವಿದೆ. 1977ರಲ್ಲಿ ಅದನ್ನು ಅಗೆಯುವವರೆಗೂ, ಪಶ್ಚಿಮ ಆಫ್ರಿಕಾದಲ್ಲಿ ಪಟ್ಟಣಗಳು ಹುಟ್ಟಿದ್ದು ಅರಬ್ ವರ್ತಕರು ಬಂದ ಮೇಲೆ ಎಂದೇ ಎಲ್ಲರೂ ಬರೆಯುತ್ತಿದ್ದರು. ಅಲ್ಲಿ ಕ್ರಿ.ಪೂ. 250ರ ಸುಮಾರಿಗೇ ಜನ ನೆಲೆಸಿದ್ದರು, ಕ್ರಿ.ಶ. 800ರ ಹೊತ್ತಿಗೆ 33 ಹೆಕ್ಟೇರಿನ ಆ ಊರಿನ ಸುತ್ತ ಎರಡು ಕಿಲೋಮೀಟರಿನಷ್ಟು ಉದ್ದದ ಗೋಡೆಯಿತ್ತು. ಸುತ್ತಮುತ್ತ ಮೆಕ್ಕಲು ಮಣ್ಣು, ಭತ್ತದ ಗದ್ದೆ ಮತ್ತು ಮೀನು ಬಿಟ್ಟರೆ ಬೇರೇನೂ ಇಲ್ಲ. ಬೀಸುವ ಕಲ್ಲು ಹೊರಗಿನಿಂದ ಬರಬೇಕಿತ್ತು, ಕಬ್ಬಿಣದ ಅದಿರು ಬರಬೇಕಿತ್ತು, ತಾಮ್ರ ನೂರಾರು ಕಿಲೋಮೀಟರ್ ಆಚೆಯಿಂದ ಬರಬೇಕಿತ್ತು, ಎಲ್ಲವೂ ಬಂದಿತ್ತು. 9ನೇ ಶತಮಾನದ ಪದರದಲ್ಲಿ ಒಂದು ಚಿನ್ನದ ಓಲೆಯೂ ಸಿಕ್ಕಿದೆ. ಕಮ್ಮಾರರ, ಮೀನುಗಾರರ, ಕುಂಬಾರರ ಕೇರಿಗಳು ಅಕ್ಕಪಕ್ಕದ ಚಿಕ್ಕ ದಿಬ್ಬಗಳಲ್ಲಿ ಬೇರೆ ಬೇರೆಯಾಗಿದ್ದವು. ಅರಮನೆಯೆಂದು ಬೊಟ್ಟು ಮಾಡಿ ತೋರಿಸಬಹುದಾದ ಕಟ್ಟಡ ಮಾತ್ರ ಅಲ್ಲಿ ಸಿಕ್ಕಿಲ್ಲ.